ಮೇಲ್ದನಿಯೂ ನಾನೇ

ಜನವರಿ ೧೧

ಪ್ರೀತಿಯ ತಂಗಿಗೆ,

(‘ಪ್ರೀತಿಯ’ ಎನ್ನುವುದು ಪತ್ರದ ಪದ್ಧತಿ. ಅದಕ್ಕೆ ಇಲ್ಲದ ಅರ್ಥ ಹಚ್ಚಬೇಡ.)

ಚಿಕ್ಕಮ್ಮನ ಮನೆಯ ಊಟದ ದಿನ, ಇಡೀ ಬಳಗದ ಎದುರು, “ಇನ್ನು ನಿನ್ನ ಜೊತೆ ಮಾತಾಡಲ್ಲ” ಎಂದು ಘೋಷಿಸಿದವಳು ನಾನೇ. ಆ ಮಾತಿಗೆ ಈಗಲೂ ಬದ್ಧಳು. ಆದರೆ ಬರೆಯುವುದಿಲ್ಲ ಎಂದು ನಾನು ಹೇಳಿರಲಿಲ್ಲ. ‘ಅಳಿಯ ಅಲ್ಲ, ಮಗಳ ಗಂಡ’ ಎಂದು ನಿನ್ನ ಭಾವ ನಕ್ಕರು. ನಗಲಿ ಬಿಡು. ಲೈಬ್ರರಿಯಲ್ಲಿ ದಿನವಿಡೀ ಕೂತು ಜನರನ್ನು “ಶ್...” ಎಂದು ಗದರುವ ಮನುಷ್ಯನಿಗೆ ಮನೆಯಲ್ಲಾದರೂ ಸದ್ದು ಮಾಡಲು ಅವಕಾಶ ಬೇಡವೇ?

ಈಗ ವಿಷಯಕ್ಕೆ. ಊಟವಾದ ಮೇಲೆ ನೀನು ಫೋನಿನಲ್ಲಿ ಒಂದು ಹಾಡು ಹಾಕಿದೆ. ಎರಡು ದನಿ. ಕೆಳದನಿ ನಿನ್ನದು ಎಂದು ಮೊದಲ ಸಾಲಿಗೇ ಗೊತ್ತಾಯಿತು; ಅದು ನನ್ನ ಬೆನ್ನಿಗೆ ಅಂಟಿಕೊಂಡೇ ಬೆಳೆದ ದನಿ. ಮೇಲ್ದನಿ ಮಾತ್ರ ಯಾರದೋ ತಿಳಿಯಲಿಲ್ಲ. ಚೆನ್ನಾಗಿಯೇ ಹಾಡಿದ್ದಳು, ಪಾಪ. ನನ್ನ ಜಾಗಕ್ಕೆ ಇವಳು ಯಾವಳನ್ನೋ ತಂದು ನಿಲ್ಲಿಸಿದ್ದಾಳಲ್ಲ ಎಂದುಕೊಂಡೆ. ಆದರೂ ದೊಡ್ಡ ಮನಸ್ಸು ಮಾಡಿ ಕೇಳಿದೆ: “ಮೇಲ್ದನಿ ಯಾರದೇ?”

ನೀನು ಬಾಯಿ ಒರೆಸಿಕೊಂಡು, “ಅದೂ ನಾನೇ ಅಕ್ಕ” ಎಂದೆ.

“ಅದೂ ಅಂದ್ರೆ?”

“ಎರಡೂ ನಾನೇ. ಮೊದ್ಲು ಒಂದು ಹಾಡ್ದೆ. ಆಮೇಲೆ ಅದನ್ನ ಕೇಳ್ಕೊಂಡು ಇನ್ನೊಂದು ಹಾಡ್ದೆ. ಕಂಪ್ಯೂಟರು ಎರಡನ್ನೂ ಸೇರಿಸ್ತು.”

ಸವತಿ ಬಂದಿದ್ದರೆ ಜಡೆ ಹಿಡಿದು ಜಗಳವಾಡಬಹುದು. ನೀನೇ ನಿನಗೆ ಅಕ್ಕನಾಗಿಬಿಟ್ಟರೆ ನಾನು ಯಾರ ಜಡೆ ಹಿಡಿಯಲಿ?

ಶಾಲೆಯ ವೇದಿಕೆಯ ಕಾಲದಿಂದ ಮೇಲ್ದನಿ ನನ್ನದು, ಕೆಳದನಿ ನಿನ್ನದು. ಹಾಡಿನ ಟೀಚರು ನನ್ನನ್ನು ‘ಮಹಾಪ್ರಾಣ’ ಎಂದೂ ನಿನ್ನನ್ನು ‘ಅಲ್ಪಪ್ರಾಣ’ ಎಂದೂ ಕರೆಯುತ್ತಿದ್ದದ್ದು ಸುಮ್ಮನೆಯೇ? ನಾನು ‘ಫಳಫಳ’ ಎಂದರೆ ಮುಂದಿನ ಸಾಲಿನಲ್ಲಿ ಕೂತವರ ಕೂದಲು ಹಾರುತ್ತಿತ್ತು.

ನೀನು ರೆಕಾರ್ಡ್ ಮಾಡುವ ಆ ಕೋಣೆಯಲ್ಲಿ ಏನೇನು ಇಟ್ಟುಕೊಂಡಿದ್ದೀಯ, ಬರೆ. ನನಗೇನೂ ಆಸಕ್ತಿಯಿಲ್ಲ. ನಿನ್ನ ಭಾವ ಕೇಳುತ್ತಿದ್ದಾರೆ. ಹಾಗೆಯೇ, ನನ್ನ ಹೊಲಿಗೆ ಅಂಗಡಿಯಿಂದ ಕಸೂತಿ ಹಾಕುವ ದೊಡ್ಡ ರಿಂಗು ಕಾಣೆಯಾಗಿದೆ. ಯಾರ ಮೇಲೂ ಅನುಮಾನವಿಲ್ಲ. ನಿನ್ನ ಮೇಲೆ ಮಾತ್ರ.

ಇತಿ,
(ಸದ್ಯಕ್ಕೆ) ನಿನ್ನ ಒಬ್ಬಳೇ ಅಕ್ಕ


ಜನವರಿ ೨೪

ಅಕ್ಕನಿಗೆ,

ಕೋಣೆ ಎಂಬ ದೊಡ್ಡ ಹೆಸರು ಅದಕ್ಕೆ ಬೇಡ. ಬೀರು ಸರಿಸಿದಾಗ ಸಿಕ್ಕ ಸಂದಿ. ಅಲ್ಲಿರುವುದು ಇಷ್ಟು: ಹಳೆಯ ಕಂಪ್ಯೂಟರು, ಸ್ಟ್ಯಾಂಡಿನ ಮೇಲೆ ಒಂದು ಮೈಕು, ಕಿವಿಗೆ ಹೆಡ್‌ಫೋನು. ನಡುವೆ ಎರಡು ಗುಂಡಿಯ ಒಂದು ಡಬ್ಬಿ. ಅದಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ಮೈಕಿನ ಭಾಷೆ ಕಂಪ್ಯೂಟರಿಗೆ ಬಾರದು, ಕಂಪ್ಯೂಟರಿನದು ಮೈಕಿಗೆ ಬಾರದು. ಈ ಡಬ್ಬಿ ದುಭಾಷಿ. ಪರದೆಯ ಮೇಲೆ ಒಂದೊಂದು ದನಿಗೆ ಒಂದೊಂದು ಗೆರೆ. ಪ್ರತಿ ಗೆರೆಗೂ ಒಂದು ಹಿಡಿ ಇರುತ್ತದೆ. ಮೇಲೆ ಎಳೆದರೆ ದನಿ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ಮನುಷ್ಯರಿಗೂ ಇಂಥದ್ದೊಂದು ಹಿಡಿ ಇದ್ದಿದ್ದರೆ ಎಂದು ನಿನ್ನ ಪತ್ರ ಓದುವಾಗ ಅನ್ನಿಸಿತು.

ರಿಂಗು ನನ್ನ ಹತ್ತಿರವೇ ಇದೆ. ಹಳೆಯ ಕಾಲುಚೀಲ ಬಿಗಿದು ಮೈಕಿನ ಮುಂದೆ ನಿಲ್ಲಿಸಿದ್ದೇನೆ. ‘ಫ’, ‘ಭ’ ಹಾಡುವಾಗ ಉಸಿರು ಮೈಕಿಗೆ ಗುದ್ದದಂತೆ ಅದು ತಡೆಯುತ್ತದೆ.

ಇನ್ನೊಂದು ಸಂಗತಿ. ಚಿಕ್ಕಮ್ಮನ ಪರಿಚಯದವರೊಬ್ಬರು ಮಕ್ಕಳ ಕಥೆಗಳನ್ನು ರೆಕಾರ್ಡ್ ಮಾಡಿ ಹೊರತರುವ ಕಂಪನಿಯಲ್ಲಿದ್ದಾರೆ. ನಾನು ಅವರನ್ನು ಕಥೆ ಮೇಡಂ ಎನ್ನುತ್ತೇನೆ. ಅವರಿಗೆ ಜೂನ್ ಮುಗಿಯುವುದರೊಳಗೆ ಎರಡು ದನಿಯ ಎಂಟು ಹಾಡು ಬೇಕು. ನನ್ನ ಆ ಹಾಡು ಕೇಳಿ ಕ್ಲಿನಿಕ್ಕಿಗೇ ಫೋನು ಮಾಡಿದರು. ನಮ್ಮ ಹಲ್ಲಿನ ಡಾಕ್ಟರು ಯಾರದೋ ದವಡೆ ಕೊರೆಯುತ್ತಿದ್ದರು, ನಾನು ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದೆ. ಮೇಡಂ ಹೇಳಿದ ಮೊದಲ ಮಾತೇನು ಗೊತ್ತೇ?

“ನಿಮ್ಮ ಅಕ್ಕನ ದನಿ ಎಷ್ಟು ಚಂದ ಕಣ್ರೀ!”

ಚಿಕ್ಕಮ್ಮ ‘ಅಕ್ಕ-ತಂಗಿ ಹಾಡೋದು’ ಎಂದಿದ್ದರಂತೆ. ಜನ್ಮದಲ್ಲಿ ಮೊದಲ ಸಲ ನಾನು ಮೇಲ್ದನಿ ಹಾಡಿದೆ. ಅದಕ್ಕೆ ಬಂದ ಮೊದಲ ಹೊಗಳಿಕೆಯನ್ನೂ ಮನೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ನೀನು ಹೊಡೆದುಕೊಂಡೆ. ನಾನು ತಿದ್ದಲು ಹೋಗಲಿಲ್ಲ. ರೋಗಿಯ ಬಾಯಿ ತೆರೆದೇ ಇತ್ತು.

ಎಂಟೂ ಹಾಡಿಗೆ ಎರಡೂ ದನಿ ನಾನೇ ಹಾಡಬೇಕೆಂದಿದ್ದೇನೆ. ಆದರೆ ಒಪ್ಪಂದಕ್ಕೆ ಇಬ್ಬರ ಸಹಿಯೂ ಬೇಕಂತೆ. ಸಹಿಗೆ ಮಾತ್ರ ಬರುತ್ತೀಯಾ?

ನಿನ್ನ ತಂಗಿ


ಫೆಬ್ರವರಿ ೧೭

ತಂಗಿಗೆ,

‘ಸಹಿಗೆ ಮಾತ್ರ ಬರುತ್ತೀಯಾ?’ ಎಂಬ ಸಾಲನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ವಿಷಯ ಗಂಭೀರವೆಂದು ಅರ್ಥ, ಇಲ್ಲವೇ ನಕ್ಕು ಕಣ್ಣು ಒದ್ದೆಯಾಗಿದೆಯೆಂದು ಅರ್ಥ. ಯಾವುದೆಂದು ನಾನು ವಿಚಾರಿಸಲಿಲ್ಲ.

ಬಾಯಿ ತೆರೆಯದೆ ಹೊಗಳಿಕೆ ಗಿಟ್ಟಿಸಿದ ಗಾಯಕಿ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆ ಹೊಗಳಿಕೆ ನನ್ನ ಹೆಸರಿಗೆ ಬಂತೆಂದು ನಿನಗೆ ಉರಿ. ನಿನ್ನ ದನಿಗೆ ಬಂತೆಂದು ನನಗೆ ಉರಿ. ಒಂದೇ ಕಡ್ಡಿಯಲ್ಲಿ ಎರಡು ಒಲೆ ಹೊತ್ತಿಸಿದ ಆ ಮೇಡಂ ಸಾಮಾನ್ಯದವರಲ್ಲ.

ಅವರಿಗೆ ಬೇಕಾದದ್ದು ಅಕ್ಕನ ದನಿ ತಾನೆ? ಅಕ್ಕನ ದನಿಯನ್ನೇ ಕೊಡೋಣ. ಅಸಲಿ ಮಾಲು ಇರುವಾಗ ನಕಲು ಯಾಕೆ? ನಾನೂ ಮೈಕು ಮಾರುವ ಅಂಗಡಿಗೆ ಹೋದೆ.

“ಯಾರಿಗೆ ಮೇಡಂ, ಮಗನಿಗಾ?” ಎಂದ ಅಂಗಡಿಯವನು.

“ನನಗೇ.”

“ಏನ್ ರೆಕಾರ್ಡ್ ಮಾಡ್ತೀರಾ?”

“ನನ್ ತಂಗಿ ಏನ್ ಮಾಡ್ತಾಳೋ ಅದನ್ನೇ. ಅವಳ ಡಬ್ಬಿಗೆ ಎರಡು ಗುಂಡಿ ಇದೆ. ನಂಗೆ ಮೂರಿರೋದು ಕೊಡಿ.”

“ಮೂರನೇ ಗುಂಡಿ ನಿಮಗೆ ಯಾಕೆ ಬೇಕು ಮೇಡಂ?”

“ಅವಳಿಗೆ ಇಲ್ವಲ್ಲಪ್ಪಾ, ಅದಕ್ಕೇ.”

ಇದಕ್ಕಿಂತ ಸ್ಪಷ್ಟವಾಗಿ ಯಾವ ಗಿರಾಕಿಯೂ ಅವನಿಗೆ ಹೇಳಿರಲಾರಳು.

ಮನೆಗೆ ತಂದು ಜೋಡಿಸಿದರೆ ಮೈಕು ಮೂಕ. ಅಂಗಡಿಯವನಿಗೆ ಫೋನು ಮಾಡಿ ಕೇಳಿದೆ. ಡಬ್ಬಿಯ ಮೇಲೆ ಇನ್ನೊಂದು ಪುಟ್ಟ ಗುಂಡಿ ಇದೆಯಂತೆ, ಅದನ್ನು ಒತ್ತಿದರೆ ಮೈಕಿಗೆ ಕರೆಂಟು ಹೋಗುತ್ತದಂತೆ, ಅದರ ಹೆಸರು ಫ್ಯಾಂಟಮ್ ಪವರ್ ಅಂತೆ. ನಿನ್ನ ಭಾವ ನಿಘಂಟು ತೆಗೆದು, “ಫ್ಯಾಂಟಮ್ ಅಂದ್ರೆ ಭೂತ” ಎಂದರು. ಅಂದರೆ ಭೂತ ಮೈಮೇಲೆ ಬಂದರೆ ಮಾತ್ರ ಹಾಡಬಲ್ಲ ಯಂತ್ರ. ಚಿಂತೆಯಿಲ್ಲ, ನನ್ನ ಮೈಮೇಲೆ ಜನವರಿಯಿಂದಲೇ ಬಂದಿದೆ.

ಆಮೇಲೂ ನನ್ನ ದನಿ ಪಕ್ಕದ ಬೀದಿಯಿಂದ ಬಂದಂತೆ ಕೇಳಿಸಿತು. ಮೈಕಿಗೂ ಮುಖ, ಬೆನ್ನು ಎರಡಿವೆಯೆಂದು ಯಾರಿಗೆ ಗೊತ್ತಿತ್ತು? ನಾನು ಅದರ ಬೆನ್ನಿಗೆ ಹಾಡುತ್ತಿದ್ದೆ.

ಕೊನೆಗೆ ಜಾಗದ ಪ್ರಶ್ನೆ. ಸದ್ದು ಎಲ್ಲಿ ಮಾರ್ದನಿಸುವುದಿಲ್ಲವೆಂದು ನೋಡಲು ನಿನ್ನ ಭಾವ ಮನೆಯಿಡೀ ಚಪ್ಪಾಳೆ ತಟ್ಟುತ್ತ ತಿರುಗಿದರು. ಬಚ್ಚಲಿನಲ್ಲಿ ತಟ್ಟಿದ್ದು ಹತ್ತು ಜನ ತಟ್ಟಿದಂತೆ, ನಡುಮನೆಯಲ್ಲಿ ಮೂವರು ತಟ್ಟಿದಂತೆ. ಕೊನೆಗೆ ನನ್ನ ಹೊಲಿಗೆ ಅಂಗಡಿಯ ಟ್ರಯಲ್ ರೂಮಿಗೆ ಹೋಗಿ, ನೇತುಹಾಕಿದ ಕೋಟು, ಗೌನುಗಳ ಮಧ್ಯೆ ತಟ್ಟಿದರು. ಆ ಚಪ್ಪಾಳೆ ಬಟ್ಟೆಯೊಳಗೆ ಹೋಗಿ ಹೊದ್ದು ಮಲಗಿಬಿಟ್ಟಿತು. ಅಷ್ಟು ನಿಶ್ಶಬ್ದ! ನಿನ್ನ ಭಾವನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅವರ ಲೈಬ್ರರಿಯಲ್ಲೂ ಇಷ್ಟು ಸಾಧ್ಯವಾಗಿರಲಿಲ್ಲವಂತೆ.

ಚಿಕ್ಕಮ್ಮನ ಮನೆಯಲ್ಲಿ ನೀನು ಹಾಕಿದ ಹಾಡಿನದೇ ಒಂದು ತುಣುಕು ಹಾಡಿ ಕಳಿಸಿದ್ದೇನೆ. ಕೇಳಿ ಉರಿದುಕೋ.

ನಿನ್ನ ಅಸಲಿ ಅಕ್ಕ


ಮಾರ್ಚ್ ೬

ಅಕ್ಕನಿಗೆ,

ತುಣುಕು ಕೇಳಿದೆ. ಹಾಡಿನ ಮಾತು ಆಮೇಲೆ. ಹಾಡು ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಏನೂ ಇಲ್ಲವಲ್ಲ, ಅದನ್ನೇ ಮತ್ತೆ ಮತ್ತೆ ಕೇಳಿದೆ. ನನ್ನ ಮನೆಯ ಕೆಳಗೆ ಸ್ಕೂಟರು ರಿಪೇರಿ ಅಂಗಡಿ ಇರುವುದು ನಿನಗೆ ಗೊತ್ತು. ನನ್ನ ಕೆಳದನಿಯ ಕೆಳಗೆ ಸದಾ ಇನ್ನೊಂದು ಕೆಳದನಿ ಗುರುಗುಟ್ಟುತ್ತಿರುತ್ತದೆ. ನಿನಗೆ ಮಾತ್ರ ಟ್ರಯಲ್ ರೂಮಿನ ಪರದೆ ಎಳೆದರೆ ಸಾಕು, ಮೌನ. ಗಿರಾಕಿಗಳ ಕೋಟು ಕೂಡ ನಿನ್ನ ಪಕ್ಷ! ‘ಕೇಳಿ ಉರಿದುಕೋ’ ಎಂದಿದ್ದೀಯ. ಹೊಟ್ಟೆಯುರಿ ಬಂತು. ಸಮಾಧಾನವಾಯಿತೇ?

ಈಗ ಹಾಡಿನ ಮಾತು. ‘ಫಳಫಳ ಹೊಳೆಯುವ ಬೋಗುಣಿಯೊಳಗೆ ಚಂದಿರ ಜಾರಿದನು’ ಎಂಬ ಸಾಲಿನಲ್ಲಿ ಚಂದಿರ ಜಾರುವ ಮುಂಚೆಯೇ ಎರಡು ಬಾಂಬು ಬಿದ್ದಿವೆ. ಮೈಕಿನಿಂದ ಒಂದು ಗೇಣು ದೂರ ನಿಲ್ಲು. ನಡುವೆ ಇನ್ನೊಂದು ರಿಂಗಿಗೆ ಕಾಲುಚೀಲ ಬಿಗಿದು ಇಡು. ಬೇಜಾರು ಮಾಡಿಕೊಳ್ಳಬೇಡ, ಮೈಕಿಗೆ ಅಲ್ಪಪ್ರಾಣವೇ ಇಷ್ಟ.

ಮೊದಲ ಹಾಡಿನ ಕೆಳದನಿ ಹಾಡಿ ಕಳಿಸಿದ್ದೇನೆ. ಅದನ್ನು ಕೇಳಿಕೊಂಡು ನಿನ್ನ ಮೇಲ್ದನಿ ಹಾಡು. ಎರಡನ್ನೂ ಜೋಡಿಸಿ ಮೇಡಂಗೆ ಕೇಳಿಸುತ್ತೇನೆ, ಅವರು ಹೇಳಿದಂತಾಗಲಿ. ಹೆಡ್‌ಫೋನು ಹಾಕಿಕೊಂಡೇ ಹಾಡು. ಇನ್ನೊಂದು ಸಲ ಬರೆಯುತ್ತೇನೆ: ಹೆಡ್‌ಫೋನು. ನನ್ನ ದನಿ ನಿನ್ನ ಕಿವಿಗೆ ಕೇಳಬೇಕು, ನಿನ್ನ ಮೈಕಿಗೆ ಕೇಳಬಾರದು.

ತಂಗಿ


ಏಪ್ರಿಲ್ ೨

ತಂಗಿಗೆ,

ಹಾಡಿ ಕಳಿಸಿದ್ದೇನೆ. ಬಹಳ ಚೆನ್ನಾಗಿ ಬಂದಿದೆ ಎಂದು ನಾನೇ ಹೇಳಿದರೆ ಜಂಭವಾಗುತ್ತದೆ, ಆದ್ದರಿಂದ ನಿನ್ನ ಭಾವನ ಕೈಲಿ ಹೇಳಿಸಿದೆ. “ಚೆನ್ನಾಗಿದೆ” ಎಂದರು. ಊಟಕ್ಕೆ ಮುಂಚೆ ಕೇಳಿದ್ದರಿಂದ ಆ ಮಾತಿಗೆ ಎಷ್ಟು ತೂಕವೋ ಕಾಣೆ.

ಹೆಡ್‌ಫೋನಿನ ವಿಚಾರ. ಹಾಕಿಕೊಂಡು ನೋಡಿದೆ. ನೀನು ನನ್ನ ತಲೆಯೊಳಗೆ ಕೂತು ಹಾಡಿದ ಹಾಗಾಯಿತು. ಬಾಡಿಗೆಗೆ ಬಂದವಳು ಮನೆಯೊಡತಿಗಿಂತ ಜೋರಾಗಿ ಮಾತಾಡಿದರೆ ಹೇಗಿರುತ್ತದೆ? ನನ್ನ ದನಿ ನನಗೇ ಕೇಳಲಿಲ್ಲ. ಆಮೇಲೆ, ನೀನು ಪಕ್ಕದಲ್ಲಿ ಇಲ್ಲದೆ ನಾನು ಹಾಡಿದ್ದಾದರೂ ಯಾವಾಗ? ಕೈ ಎಲ್ಲಿಡಬೇಕೆಂದು ಕೂಡ ತಿಳಿಯಲಿಲ್ಲ.

ಅದಕ್ಕೆ ಹೊಲಿದ ಬಟ್ಟೆ ತೊಡಿಸಿ ನೋಡುವ ಬೊಂಬೆಯನ್ನು ತಂದು ಎಡಗಡೆ ನಿಲ್ಲಿಸಿಕೊಂಡೆ. ಅದಕ್ಕೆ ತಲೆ ಇಲ್ಲವಲ್ಲ. ಕತ್ತಿನ ಮೇಲೆ ಸ್ಪೀಕರು ಇಟ್ಟು ನಿನ್ನ ಹಾಡು ಹಾಕಿದೆ. ನಿನಗಿಂತ ಸ್ವಲ್ಪ ತೆಳ್ಳಗಿದೆ, ಉಳಿದಂತೆ ನೀನೇ. ಎರಡನೇ ಸಾಲಿಗೆ ನೀನು ಯಾವಾಗಲೂ ತಡವಾಗಿ ಬರುತ್ತೀಯಲ್ಲ, ಅಭ್ಯಾಸಬಲದಿಂದ ಮೊಣಕೈಯಲ್ಲಿ ಅದನ್ನು ತಿವಿದೆ. ಸಮಯಕ್ಕೆ ಸರಿಯಾಗಿ ಬಂತು. ನೀನು ಕಲಿಯಬೇಕು ಆ ಬೊಂಬೆಯನ್ನು ನೋಡಿ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಹೆಡ್‌ಫೋನು ಎಂದು ಎರಡು ಸಲ ಬರೆದಿದ್ದೆ!

ನಿನ್ನ ಮೈಕು ನಿನ್ನನ್ನು ಕೇಳಿತು, ಸ್ಪೀಕರಿನಲ್ಲಿದ್ದ ನನ್ನನ್ನೂ ಕೇಳಿತು. ನಿನ್ನ ಗೆರೆಯಲ್ಲಿ ಈಗ ನಾನೂ ಇದ್ದೇನೆ. ನೀನು ಬೊಂಬೆಗೆ ತಿವಿದ ‘ಧಪ್’ ಕೂಡ ಇದೆ. ಇದನ್ನು ಬಿಡಿಸಲು ನನಗಂತೂ ಬಾರದು. ಹೌದು, ನಿನ್ನನ್ನು ಕೂದಲೆಳೆಯಷ್ಟು ಇಳಿಸಿ ನನ್ನನ್ನು ಕೂದಲೆಳೆಯಷ್ಟು ಏರಿಸೋಣ ಎಂದುಕೊಂಡಿದ್ದೆ. ಅದಕ್ಕೇನೀಗ? ಹಿಡಿ ನನ್ನ ಕೈಯಲ್ಲಿತ್ತು, ಎಳೆಯಬೇಕು ಅನ್ನಿಸಿತು. ಆದರೆ ನಿನ್ನನ್ನು ಇಳಿಸಿದರೆ ನಿನ್ನ ಜೊತೆ ನಾನೂ ಇಳಿಯುತ್ತೇನೆ. ಏರಿಸಿದರೆ ನಿನ್ನ ಸೆರಗು ಹಿಡಿದು ನಾನೂ ಏರುತ್ತೇನೆ. ತಳ ಹಿಡಿದ ಪಾಯಸದ ಹಾಗೆ, ಯಾವುದು ಹಾಲು ಯಾವುದು ಸೀದದ್ದು ತಿಳಿಯುವುದಿಲ್ಲ.

ಬೇರೆ ದಾರಿಯಿಲ್ಲದೆ ಹಾಗೆಯೇ ಮೇಡಂಗೆ ಕಳಿಸಿದೆ.

“ಇದ್ರಲ್ಲಿ ಮೇಲೆ ಹಾಡಿರೋದು ಬೇರೆ ಯಾರೋ ಅಲ್ವಾ? ಮೊದಲು ಹಾಡಿದ್ರಲ್ಲ, ಆ ಅಕ್ಕನೇ ಬೇಕು ನಂಗೆ” ಎಂದರು.

ಇನ್ನು ಮುಚ್ಚಿಡುವುದು ಯಾಕೆಂದು ಹೇಳಿಬಿಟ್ಟೆ: ಮೊದಲು ಹಾಡಿದ ಅಕ್ಕ ನಾನು, ಈಗ ಹಾಡಿದ ಅಕ್ಕ ಅಕ್ಕ. ಅವರು ನಕ್ಕು ನಕ್ಕು ಸಾಕಾಗಿ, ಆಮೇಲೆ ಹೇಳಿದರು: “ಮೇಲ್ದನಿ ನೀವೇ ಹಾಡಿ. ಆದ್ರೆ ಇದ್ರಲ್ಲಿ ಇಬ್ರೂ ಒಂದೇ ಕಡೆ ನಿಂತು ಉಸಿರಾಡೋ ಹಾಗೆ ಕೇಳ್ಸುತ್ತೆ ನೋಡಿ, ಅದು ಹಿಂದಿನದ್ರಲ್ಲಿ ಇರ್ಲಿಲ್ಲ. ಅದೂ ಬೇಕು. ಅದೇ ರೂಮಲ್ಲಿ ಇಬ್ರೂ ಒಟ್ಟಿಗೇ ಹಾಡಿ.”

ಅಂದರೆ ಮೇಲ್ದನಿ ನನಗೆ, ಕೆಳದನಿ ನಿನಗೆ, ರೂಮು ನಿನ್ನದು. ಒಪ್ಪಿದರೆ ಎಂಟು ಹಾಡು. ಇಲ್ಲದಿದ್ದರೆ ಅವರು ಬೇರೆ ಜೋಡಿ ಹುಡುಕುತ್ತಾರೆ. ಏನು ಹೇಳಲಿ?

ತಂಗಿ


ಏಪ್ರಿಲ್ ೨೯

ಆಗುವುದಿಲ್ಲ.

ಅಕ್ಕ


ಮೇ ೧೩

ತಂಗಿಗೆ,

ಹಿಂದಿನ ಪತ್ರದಲ್ಲಿ ‘ಆಗುವುದಿಲ್ಲ’ ಎಂದು ಬರೆದದ್ದನ್ನು ನೀನು ಸೊಕ್ಕು ಎಂದುಕೊಂಡಿರುತ್ತೀಯ. ಅದು ಬರೀ ವರದಿ. ಪ್ರಯತ್ನಪಟ್ಟು ನೋಡಿದೆ, ಆಗಲಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಕೇಳಿಸಿದೆಯಲ್ಲ, ಆ ಹಾಡಿನ ಮೇಲ್ದನಿಯ ಗೆರೆಯನ್ನಷ್ಟೇ ನಿನ್ನ ಭಾವ ನಿನ್ನಿಂದ ತರಿಸಿಕೊಂಡಿದ್ದರಂತೆ, ನನಗೆ ಹೇಳದೆ. ಅದರ ಕೆಳಗೆ ಹಾಡಲು ನಿಂತೆ. ಎರಡು ಸಾಲು ಕೆಳಗಿರುತ್ತೇನೆ, ಮೂರನೆಯದಕ್ಕೆ ನೋಡಿದರೆ ಮೇಲೆ ಹತ್ತಿ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಅಟ್ಟದ ದಾರಿ ಕಂಡ ಬೆಕ್ಕನ್ನು ನೆಲದಲ್ಲಿ ಕಟ್ಟಿಹಾಕಿದ ಹಾಗೆ. ಮೇಲ್ದನಿಗೆ ಬಾಯಿ ಇದ್ದರೆ ಸಾಕು. ಕೆಳದನಿಗೆ ಇಡೀ ಮೈ ಕಿವಿಯಾಗಬೇಕು: ನೀನು ಎಲ್ಲಿ ಉಸಿರು ತೆಗೆಯುತ್ತೀಯ, ಎಲ್ಲಿ ಎಳೆಯುತ್ತೀಯ, ಎಲ್ಲಿ ಸುಮ್ಮನೆ ಮೆರೆಯುತ್ತೀಯ. ಮೆರೆಯುತ್ತೀಯ, ಇಲ್ಲವೆನ್ನಬೇಡ. ‘ಜಾರಿದನು’ ಎಂಬಲ್ಲಿ ಆ ಕೊನೆಯ ಎಳೆತ ನನ್ನದು. ನನ್ನಿಂದ ಕದ್ದದ್ದು. ನನಗಿಂತ ಚೆನ್ನಾಗಿ ಎಳೆದಿದ್ದೀಯ ಎಂಬುದು ಬೇರೆ ವಿಷಯ. ಅದನ್ನು ನಾನು ಇಲ್ಲಿ ಬರೆದಿಲ್ಲ ಎಂದು ತಿಳಿ.

ನಾಲ್ಕನೇ ಸಲ ಮೇಲೆ ಹತ್ತಿದಾಗ ಪರದೆಯ ಆಚೆಯಿಂದ “ಶ್...” ಎಂದು ಕೇಳಿಸಿತು. ಮದುವೆಯಾದಂದಿನಿಂದ ನಿನ್ನ ಭಾವ ನನಗೆ ಹಾಗೆ ಹೇಳಿದ್ದು ಇದೇ ಮೊದಲು. ಅಷ್ಟಕ್ಕೇ ಬಿಡದೆ, “ಕೆಳಗೆ ನಿಲ್ಲೋದು ಅಂದ್ರೆ ಬಗ್ಗಿ ನಿಲ್ಲೋದಲ್ಲ ಕಣೇ” ಎಂದರು. ಆ ದಿನ ಅವರಿಗೆ ಕಾಫಿ ತಡವಾಯಿತು.

ಭಾನುವಾರ ಅಂಗಡಿಗೆ ರಜೆ. ಡಬ್ಬಿ ಹೊತ್ತುಕೊಂಡು ಬರಬೇಡ, ನನ್ನದರಲ್ಲಿ ಒಂದು ಗುಂಡಿ ಹೆಚ್ಚಿದೆ.

ಅಕ್ಕ


ಜೂನ್ ೧೫

ಅಕ್ಕಾ,

ಇಲ್ಲಿಯವರೆಗೆ ನಾವು ಹಾಡಿದ ಏಳೂ ಹಾಡನ್ನು ಮೇಡಂ ಕೇಳಿದರು. ಆ ಭಾನುವಾರಗಳಲ್ಲಿ ನಿನ್ನ ಟ್ರಯಲ್ ರೂಮಿನಲ್ಲಿ ಬೆವರಿದ್ದು, ಯಾರದೋ ಉಣ್ಣೆ ಕೋಟು ನನ್ನ ಮೂಗಿಗೆ ಕ್ಷಣಕ್ಷಣಕ್ಕೂ ತಾಗಿ ಸೀನು ಬಂದದ್ದು, ನೀನು ಬೊಂಬೆಗೆ ತಿವಿದಂತೆಯೇ ನನಗೂ ತಿವಿದದ್ದು, ಎಲ್ಲ ಸಾರ್ಥಕ ಎಂದುಕೊಂಡು ಹೋಗಿದ್ದೆ. ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ, ಗೊತ್ತೇ? ನನ್ನ ಮೇಲ್ದನಿಯನ್ನು ನನ್ನ ಎದುರೇ ಹೊಗಳುತ್ತಾರಲ್ಲ ಎಂದು.

“ಮೇಲ್ದನಿ ಚೆನ್ನಾಗಿದೆ” ಎಂದರು. ಮುಗಿಯಿತು. ಹೋಟೆಲಿನಲ್ಲಿ ನೀರಿನ ಲೋಟ ಇಟ್ಟ ಹಾಗೆ ಇಟ್ಟರು ಆ ಮಾತನ್ನು. ಆಮೇಲೆ ಮುಂದಕ್ಕೆ ಬಾಗಿ, “ಆದ್ರೆ ಆ ಕೆಳದನಿ! ಒಳಗೆ ಏನೋ ಕೆಂಡ ಮುಚ್ಚಿಟ್ಟ ಹಾಗಿದೆ. ಯಾರ್ರೀ ಅದು?” ಎಂದರು, ನೀನೇ ಎಂದು ಗೊತ್ತಿದ್ದೂ.

ಯಾರ್ರೀ ಅದು!

ಅಕ್ಕಾ, ಶಾಲೆಯಿಂದ ಇಲ್ಲಿಯವರೆಗೆ ಆ ಜಾಗದಲ್ಲಿ ನಿಂತವಳು ನಾನು. ಒಬ್ಬರು, ಒಬ್ಬರಾದರೂ, ‘ಯಾರ್ರೀ ಅದು’ ಎಂದು ತಿರುಗಿ ನೋಡಿದ್ದರೇ? ನೀನು ನಾಲ್ಕು ಭಾನುವಾರ ಬಂದು ನಿಂತೆ, ಅದೂ ನಿನ್ನದಾಯಿತು. ನಾನು ಮೇಲೆ ಹೋದರೆ ಹೊಗಳಿಕೆ ಕೆಳಗಿಳಿಯುತ್ತದೆ, ಕೆಳಗಿದ್ದರೆ ಮೇಲೇರುತ್ತದೆ. ಇದೇನು ನನ್ನ ಹಣೆಬರಹವೋ ನಿನ್ನ ಹುನ್ನಾರವೋ?

ಎಂಟನೇ ಹಾಡಿಗೆ ಕೆಳದನಿ ನನಗೆ ಬೇಕು. ಅದು ನನ್ನ ಜಾಗ. ಆಗಲೇ ಹಾಡಿ ಇದರ ಜೊತೆ ಕಳಿಸಿದ್ದೇನೆ. ಮೇಲ್ದನಿ ನೀನು ಹಾಡಿ ಸೇರಿಸು.

ತಂಗಿ


ಜೂನ್ ೨೩

ತಂಗಿಗೆ,

ನಿನ್ನ ಕೆಳದನಿ ಬರುವ ಮುಂಚೆಯೇ ನಾನೂ ಎಂಟನೇ ಹಾಡಿನ ಕೆಳದನಿ ಹಾಡಿಟ್ಟಿದ್ದೆ. ಬಿಟ್ಟುಕೊಡುವ ಉದ್ದೇಶ ನನಗೂ ಇರಲಿಲ್ಲ. ನಿನ್ನ ಭಾವ ಎರಡನ್ನೂ ಜೋಡಿಸಿ ಕೇಳಿಸಿದರು. ಪೂರ್ತಿ ಕೇಳಿದ ಮೇಲೆ ಹೆಡ್‌ಫೋನು ತೆಗೆದು, ಬಹಳ ಮರ್ಯಾದೆಯಿಂದ, “ಹಾಡೆಲ್ಲಿ?” ಎಂದರು.

ಅಕ್ಕ-ತಂಗಿ ಇಬ್ಬರೂ ಬಾಗಿಲಲ್ಲಿ ನಿಂತು “ನೀನು ಮೊದಲು ಹೋಗು”, “ಇಲ್ಲ, ನೀನು ಹೋಗು” ಎನ್ನುತ್ತಿದ್ದ ಹಾಗಿದೆ. ಒಳಗೆ ಹೋದವರು ಯಾರೂ ಇಲ್ಲ. ತಿಂಗಳು ಮುಗಿಯುತ್ತ ಬಂತು, ಮೇಡಂ ಕಾಯುತ್ತಿದ್ದಾರೆ.

ನಿನ್ನ ಇಷ್ಟದಂತೆ ಮೇಲ್ದನಿಯನ್ನೂ ಹಾಡಿ ನೋಡಿದೆ. ಬಂತು. ಯಾವಾಗಲೂ ಬರುವ ಹಾಗೆ, ಸಲೀಸಾಗಿ ಬಂತು. ಕೇಳಿದರೆ ನನಗೇ ಆಕಳಿಕೆ. ಆಮೇಲೆ ನನ್ನ ಕೆಳದನಿಯೊಂದನ್ನೇ ಹಾಕಿ ಕೇಳಿದೆ. ಅದರಲ್ಲಿ ಮೇಡಂ ಹೇಳಿದ ಕೆಂಡ ಎಲ್ಲೂ ಇಲ್ಲ, ಬರೀ ಬೂದಿ. ಏಳು ಹಾಡಿನಲ್ಲಿ ಇದ್ದದ್ದು ಎಂಟನೆಯದಕ್ಕೆ ಎಲ್ಲಿ ಹೋಯಿತು ಎಂದು ಯೋಚಿಸುತ್ತ ಒಂದು ಕಾಲರನ್ನು ತಿರುಗುಮುರುಗಾಗಿ ಹೊಲಿದುಬಿಟ್ಟೆ.

ಕಾಲರು ಬಿಚ್ಚುವಾಗ ತಿಳಿಯಿತು. ಆ ಏಳು ಹಾಡಿನಲ್ಲಿ ನನ್ನ ಬಲಗಡೆ ನೀನು ನಿಂತಿದ್ದೆ. ನನ್ನ ಜಾಗದಲ್ಲಿ ನಿಂತು, ನನ್ನ ಎಳೆತವನ್ನೇ ನನಗಿಂತ ಚಂದ ಎಳೆಯುತ್ತಿದ್ದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಕು ಎದುರಿಗಿದೆ, ಬಾಯಿಬಿಟ್ಟು ಬಯ್ಯುವ ಹಾಗಿಲ್ಲ. ಹಲ್ಲು ಕಚ್ಚಿ, ಆ ಉರಿಯನ್ನೆಲ್ಲ ನಿನ್ನ ದನಿಯ ಕೆಳಗೆ ಒತ್ತಿ ಹಿಡಿದುಕೊಂಡು ಹಾಡಿದೆ. ಮೇಡಂ ‘ಯಾರ್ರೀ ಅದು’ ಎಂದದ್ದು ಅದಕ್ಕೆ.

ನೀನು ಇಷ್ಟು ವರ್ಷ ಕೆಳಗೆ ನಿಂತು ಹೇಗೆ ಹಾಡುತ್ತಿದ್ದೆ ಎಂದು ನಾನು ಈಗ ಕೇಳುವುದಿಲ್ಲ.

ಭಾನುವಾರ ಬಾ. ಆ ಉಣ್ಣೆ ಕೋಟಿನವರು ಕೋಟು ತೆಗೆದುಕೊಂಡು ಹೋಗಿದ್ದಾರೆ, ಸೀನು ಬರುವುದಿಲ್ಲ. ಮೇಲ್ದನಿ ನೀನೇ ಹಾಡಬೇಕು. ಅಕ್ಕನೆಂದು ದಾಕ್ಷಿಣ್ಯ ಮಾಡಿಕೊಂಡು ಒಂದು ಎಳೆಯನ್ನೂ ಕಡಿಮೆ ಮಾಡಬೇಡ, ನನಗೆ ಗೊತ್ತಾಗುತ್ತದೆ. ಚೆನ್ನಾಗಿ ಹಾಡು. ನನಗೆ ಉರಿಯುವಷ್ಟು ಚೆನ್ನಾಗಿ ಹಾಡು.

ನಿನ್ನ ಅಕ್ಕ